ನಾಗಪಟ್ಟಣದಿಂದ ಜಾಫ್ನಾಕ್ಕೆ ಹಡಗು: ಅದೇಕೆ ಪದೇ ಪದೇ ನಿಲ್ಲುತ್ತದೆ?

ಪ್ರಶ್ನೆ: ನಾವು ಮಂಡ್ಯದವರು. ಹೋದ ಸಲ ವೇಳಾಂಗಣಿಗೆ ಹೋಗಿದ್ದಾಗ ಅಲ್ಲೇ ಹತ್ತಿರದ ನಾಗಪಟ್ಟಣದಿಂದ ಶ್ರೀಲಂಕಾಕ್ಕೆ ಹಡಗು ಹೋಗುತ್ತದೆ ಎಂದು ಗೊತ್ತಾಯಿತು. ವಿಚಾರಿಸಿದರೆ ಒಬ್ಬರು ಇದೆ ಅಂದರು, ಇನ್ನೊಬ್ಬರು ನಿಂತುಹೋಗಿದೆ ಅಂದರು. ಶ್ರೀಲಂಕಾ ಬರೀ ಮೂವತ್ತು ಕಿಲೋಮೀಟರ್ ದೂರ ಅಂತಾರೆ. ಅಷ್ಟು ಹತ್ತಿರಕ್ಕೆ ಹಡಗು ಓಡಿಸುವುದು ಯಾಕಿಷ್ಟು ಕಷ್ಟ? ನಮ್ಮ ತಾತ ಮದ್ರಾಸಿನಲ್ಲಿ ಒಂದೇ ಟಿಕೆಟ್ ತಗೊಂಡು ಕೊಲಂಬೋವರೆಗೂ ಹೋಗಿದ್ದರಂತೆ, ಹಾಗೂ ಇತ್ತಾ? ಈ ದಸರಾ ರಜೆಯಲ್ಲಿ ಅರವತ್ತೆಂಟು ವರ್ಷದ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ನೀವು ದುಡ್ಡು ಕಟ್ಟುವ ಮುಂಚೆ ಅದು ಗೊತ್ತಾಗಬೇಕು. ದಸರಾ ರಜೆಯಲ್ಲಿ ಬೇಡ. ಹೋಗುವುದಾದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೋಗಿ. ಮಕ್ಕಳ ಶಾಲೆ ನೋಡಿಕೊಳ್ಳಬೇಕು ಅಂದರೆ ಏಪ್ರಿಲ್ ರಜೆಯೇ ಸರಿ. ಬಿಸಿಲು ಜಾಸ್ತಿ, ಆದರೆ ಸಮುದ್ರ ಶಾಂತವಾಗಿರುತ್ತದೆ. ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಮುಖ್ಯವಾಗಬೇಕಾದದ್ದು ಅದೇ ಅಲ್ವಾ?

ಕಾರಣ ತಿಳಿಯಲು 2023ರ ಅಕ್ಟೋಬರ್ ನೆನಪಿಸಿಕೊಳ್ಳಿ. ಆ ವರ್ಷ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆಯಾದದ್ದು 15ನೇ ತಾರೀಖು. ಅದರ ಹಿಂದಿನ ದಿನ, 14ಕ್ಕೆ, ನಾಗಪಟ್ಟಣದಿಂದ ಜಾಫ್ನಾ ಪಕ್ಕದ ಕಾಂಕೇಸಂತುರೈ ಬಂದರಿಗೆ ಹಡಗು ಹೊರಟಿತು. ಪ್ರಧಾನಿಯವರು ಆನ್‌ಲೈನ್‌ನಲ್ಲಿ ಚಾಲನೆ ಕೊಟ್ಟರು. ನಲವತ್ತು ವರ್ಷದ ಮೇಲೆ ಹಳೇ ದಾರಿ ತೆರೆಯಿತು ಎಂದು ಎರಡೂ ಕಡೆ ಸಂಭ್ರಮ. 20ಕ್ಕೆ ಅದು ನಿಂತಿತು. ಮೈಸೂರಿನಲ್ಲಿ ಜಂಬೂ ಸವಾರಿ 24ಕ್ಕೆ. ಅಂದರೆ ಆನೆಗಳು ಅರಮನೆಯಿಂದ ಹೊರಡುವ ಮುಂಚೆಯೇ ಆ ವರ್ಷದ ಹಡಗು ಮುಗಿದುಹೋಗಿತ್ತು. ನಿಲ್ಲಿಸಿದ್ದು ಹಿಂಗಾರು ಮಳೆ. ನಮಗೆ ದಸರಾ ಮುಗಿಯುತ್ತಿದ್ದಂತೆ ಮಳೆ ಹಿಂದೆ ಸರಿಯುತ್ತದೆ ಎಂಬ ಲೆಕ್ಕ. ತಮಿಳುನಾಡಿನ ಕರಾವಳಿಗೆ ಲೆಕ್ಕವೇ ಬೇರೆ. ಅಲ್ಲಿ ಅಕ್ಟೋಬರ್ ಮೂರನೇ ವಾರದಿಂದ ಡಿಸೆಂಬರ್‌ವರೆಗೆ ದೊಡ್ಡ ಮಳೆ, ಗಾಳಿ, ಚಂಡಮಾರುತದ ಕಾಲ.

ನಾನು ಬಹಳ ವರ್ಷ ಬಂದರುಗಳಲ್ಲಿ ಪ್ರಯಾಣಿಕರ ಹಡಗುಗಳ ಕೆಲಸ ನೋಡಿದವನು, ಈಗ ಮೈಸೂರಿನಲ್ಲಿದ್ದೇನೆ. ನನ್ನ ಮಟ್ಟಿಗೆ ಈ ಹಡಗಿನ ಕಷ್ಟದಲ್ಲಿ ಗಾಳಿಯ ಪಾಲು ಅರ್ಧ. ಉಳಿದರ್ಧ ದಡದಲ್ಲಿದೆ. ನಿಮ್ಮ ತಾತನ ಕಾಲದ ಹಡಗು ಎಪ್ಪತ್ತು ವರ್ಷ ನಡೆಯಿತು. ಈಗಿನದು ಪ್ರತಿ ವರ್ಷ ಹೊಸದಾಗಿ ಹುಟ್ಟುತ್ತಿದೆ. ವ್ಯತ್ಯಾಸ ಎಲ್ಲಿದೆ ಎಂದು ನೋಡಲು ಮೊದಲು ದೂರದ ವಿಷಯ ಇತ್ಯರ್ಥ ಮಾಡಿಕೊಳ್ಳೋಣ.

ಮೂವತ್ತು ಕಿಲೋಮೀಟರ್ ಅನ್ನುವ ಮಾತು ಸುಳ್ಳಲ್ಲ. ಆದರೆ ಅದು ಧನುಷ್ಕೋಡಿಯ ತುದಿಗೂ ಶ್ರೀಲಂಕಾದ ತಲೈಮನ್ನಾರ್‌ಗೂ ಇರುವ ದೂರದ ಮಾತು. ಎರಡೂ ಕಡೆಯ ಹಳೇ ಧಕ್ಕೆಗಳ, ಅಂದರೆ ಹಡಗು ಬಂದು ನಿಲ್ಲುವ ಕಟ್ಟೆಗಳ, ನಡುವೆ ಸುಮಾರು 35 ಕಿಲೋಮೀಟರ್ ಇತ್ತು. ಈಗ ಹಡಗು ಹೋಗುವುದು ನಾಗಪಟ್ಟಣದಿಂದ ಕಾಂಕೇಸಂತುರೈಗೆ. ಅದು 60 ನಾಟಿಕಲ್ ಮೈಲಿ, ಅಂದರೆ 110 ಕಿಲೋಮೀಟರ್. ಮೈಸೂರಿನಿಂದ ರಾಮನಗರ ದಾಟಿ ಬಿಡದಿ ಹತ್ತಿರ ಬಂದಷ್ಟು. ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ.

ಹತ್ತಿರದ ಜಾಗ ಬಿಟ್ಟು ಇಷ್ಟು ದೂರದಿಂದ ಯಾಕೆ ಅಂತ ಕೇಳಬಹುದು. ಹತ್ತಿರದ ಜಾಗದಲ್ಲಿ ಈಗ ಧಕ್ಕೆಯೂ ಇಲ್ಲ, ಊರೂ ಇಲ್ಲ. ಆ ಕಥೆ ನಿಮ್ಮ ತಾತನ ಪ್ರಯಾಣಕ್ಕೇ ಸೇರಿದ್ದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ತಾತ ಹೋದ ರೈಲಿಗೆ ಜನ ಬೋಟ್ ಮೇಲ್ ಎನ್ನುತ್ತಿದ್ದರು. ಮೊದಲು ಅದು ಮದ್ರಾಸಿನಿಂದ ತೂತ್ತುಕುಡಿಗೆ ಹೋಗುತ್ತಿತ್ತು. ಅಲ್ಲಿಂದ ಕೊಲಂಬೋಗೆ ಸ್ಟೀಮರ್. ಆ ಹಾದಿ ಉದ್ದ, ರಾತ್ರಿಯೆಲ್ಲ ಹೊಯ್ದಾಟ. 1914ರ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ಆಯಿತು. ಆಮೇಲೆ ರೈಲು ಸಮುದ್ರ ದಾಟಿ ರಾಮೇಶ್ವರಂ ದ್ವೀಪಕ್ಕೆ ಬಂದು, ಧನುಷ್ಕೋಡಿಯ ಧಕ್ಕೆಯವರೆಗೂ ಹೋಗಿ ನಿಲ್ಲುತ್ತಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಧನುಷ್ಕೋಡಿಯಿಂದ ತಲೈಮನ್ನಾರ್‌ಗೆ ಸ್ಟೀಮರ್ ಶುರುವಾಯಿತು. ಆ ಕಡೆಯ ಧಕ್ಕೆಯಲ್ಲಿ ಸಿಲೋನ್ ಸರ್ಕಾರದ ರೈಲು ಕಾಯುತ್ತಿತ್ತು. ಮದ್ರಾಸಿನಲ್ಲಿ ಕೊಂಡ ಟಿಕೆಟ್ ಕೊಲಂಬೋದ ಕೋಟೆ ನಿಲ್ದಾಣದವರೆಗೆ ನಡೆಯುತ್ತಿತ್ತು. ನಿಮ್ಮ ತಾತ ಹೇಳಿದ್ದು ಅಕ್ಷರಶಃ ನಿಜ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಸ್ಟೀಮರ್ ತಾನೇ ತಾನಾಗಿ ಒಂದು ವ್ಯಾಪಾರ ಆಗಿರಲಿಲ್ಲ. ಅದು ರೈಲಿನ ಒಂದು ತುಂಡು. ರೈಲು ತಡವಾದರೆ ಹಡಗು ಕಾಯುತ್ತಿತ್ತು, ಹಡಗು ತಡವಾದರೆ ಆಚೆಯ ರೈಲು ಕಾಯುತ್ತಿತ್ತು. ಹಡಗಿನಲ್ಲಿ ಎಷ್ಟು ಸೀಟು ತುಂಬಿತು ಎಂದು ಬೇರೆ ಲೆಕ್ಕ ಇಟ್ಟು, ಕಡಿಮೆಯಾಯಿತು ಅಂತ ಯಾರೂ ಸೇವೆ ನಿಲ್ಲಿಸುತ್ತಿರಲಿಲ್ಲ. ಮದ್ರಾಸಿನಿಂದ ಕೊಲಂಬೋವರೆಗಿನ ಇಡೀ ಹಾದಿಯ ಗಳಿಕೆ ಹಡಗನ್ನು ಹೊರುತ್ತಿತ್ತು.

ಹಾಗಂತ ಆ ಕಾಲವನ್ನು ಚಿನ್ನದ ಕಾಲ ಎನ್ನಲಾರೆ. ಆ ದಾರಿಯಲ್ಲಿ ಹೋದವರಲ್ಲಿ ಬಹಳಷ್ಟು ಜನ ಸಿಲೋನಿನ ಚಹಾ ತೋಟಗಳಿಗೆ ಕೂಲಿಗೆ ಹೋದ ಬಡ ತಮಿಳರು. ಪ್ಲೇಗು, ಕಾಲರಾ ಬರದಂತೆ ಅವರನ್ನು ಮಂಡಪಂನಲ್ಲಿ ಒಂದು ಶಿಬಿರದಲ್ಲಿ ತಡೆದು, ತಪಾಸಣೆ ಮಾಡಿ ಕಳಿಸುತ್ತಿದ್ದರು. ಮಂಡಪಂ ಕ್ಯಾಂಪ್ ಎಂಬ ಹೆಸರು ಅಲ್ಲಿನ ರೈಲು ನಿಲ್ದಾಣಕ್ಕೆ ಇಂದೂ ಇದೆ. ಮುಂದೆ 1964ರ ಅಕ್ಟೋಬರ್‌ನಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಅದರಂತೆ 5,25,000 ತೋಟದ ತಮಿಳರನ್ನು ಭಾರತ ವಾಪಸ್ ಕರೆಸಿಕೊಳ್ಳಬೇಕಾಯಿತು. ಹೀಗೆ ಬಂದವರಲ್ಲಿ ಬಹಳ ಕುಟುಂಬಗಳು ದಾಟಿದ್ದು ಇದೇ ತಲೈಮನ್ನಾರ್ ಹಡಗಿನಲ್ಲಿ. ಹೋದವರ ಮೊಮ್ಮಕ್ಕಳು, ತಾವು ಎಂದೂ ನೋಡದ ದೇಶಕ್ಕೆ ಮರಳಿದರು. ಕೆಲವರು ನಮ್ಮ ರಾಜ್ಯಕ್ಕೂ ಬಂದರು. ಸುಳ್ಯ, ಪುತ್ತೂರು ಕಡೆ ಸರ್ಕಾರದ ರಬ್ಬರ್ ತೋಟಗಳಲ್ಲಿ ಕೆಲಸ ಮಾಡುವ ತಮಿಳು ಕುಟುಂಬಗಳನ್ನು ನೀವು ಕಂಡಿದ್ದರೆ, ಅವರ ಹಿರಿಯರನ್ನು ಒಮ್ಮೆ ಮಾತನಾಡಿಸಿ. ಆ ದಾರಿಯ ಬಗ್ಗೆ ಯಾವ ದಾಖಲೆಗಿಂತ ಚೆನ್ನಾಗಿ ಅವರು ಹೇಳಬಲ್ಲರು.

ಒಪ್ಪಂದ ಆಗಿ ಎರಡು ತಿಂಗಳಿಗೇ, 1964ರ ಡಿಸೆಂಬರ್ 22ರ ರಾತ್ರಿ, ಧನುಷ್ಕೋಡಿಗೆ ಚಂಡಮಾರುತ ಬಡಿಯಿತು. ಪಾಂಬನ್‌ನಿಂದ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ಪ್ರಯಾಣಿಕರ ಸಮೇತ ಅಲೆಗಳಲ್ಲಿ ಕೊಚ್ಚಿಹೋಯಿತು. ಊರು, ಧಕ್ಕೆ, ನಿಲ್ದಾಣ ಎಲ್ಲ ನಾಶವಾದವು. ಪಾಂಬನ್ ಸೇತುವೆಯ ಗರ್ಡರುಗಳೂ ಬಿದ್ದುಹೋಗಿದ್ದವು. ಇ. ಶ್ರೀಧರನ್ ಆಗಿನ್ನೂ ಚಿಕ್ಕ ವಯಸ್ಸಿನ ಎಂಜಿನಿಯರ್. ಅವರ ತಂಡ 46 ದಿನದಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿತು. ಮುಂದೆ ಕೊಂಕಣ ರೈಲು ಕಟ್ಟಿದವರೂ ಅವರೇ. ಸೇತುವೆ ಎದ್ದಿತು, ಧನುಷ್ಕೋಡಿ ಏಳಲಿಲ್ಲ. ಹಡಗು ರಾಮೇಶ್ವರಂನಿಂದ ಹೊರಡತೊಡಗಿತು. ದೂರ ಹೆಚ್ಚಾಯಿತು, ಆದರೂ ಸೇವೆ ಉಳಿಯಿತು. ಅದು ನಿಂತದ್ದು 1980ರ ದಶಕದ ಮೊದಲ ಭಾಗದಲ್ಲಿ, ಶ್ರೀಲಂಕಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ. ಅಷ್ಟು ದೊಡ್ಡ ಚಂಡಮಾರುತಕ್ಕೂ ನಿಲ್ಲದ ಹಡಗನ್ನು ಯುದ್ಧ ನಿಲ್ಲಿಸಿತು.

ಮೈಸೂರಿನವರಿಗೆ ಹತ್ತಿರದ ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು, 1897ರ ಜನವರಿಯಲ್ಲಿ ವಿದೇಶದಿಂದ ಮರಳುವಾಗ ಕೊಲಂಬೋದಲ್ಲಿ ಇಳಿದರು. ಅಲ್ಲಿಂದ ಜಾಫ್ನಾಕ್ಕೆ ಹೋಗಿ, ಜಾಫ್ನಾದಿಂದ ಸಮುದ್ರ ದಾಟಿ ಪಾಂಬನ್‌ಗೆ ಬಂದು ಭಾರತದ ನೆಲ ಮುಟ್ಟಿದರು. ಸೇತುವೆ, ರೈಲು ಬರುವ ಮುಂಚೆಯೂ ಈ ಎರಡು ದಡಗಳ ನಡುವೆ ಜನ ಓಡಾಡುತ್ತಲೇ ಇದ್ದರು. ನಾಗಪಟ್ಟಣವಂತೂ ಇನ್ನೂ ಹಳೆಯದು. ರಾಜರಾಜ ಚೋಳನ ಕಾಲದಲ್ಲಿ, ಈಗಿನ ಇಂಡೋನೇಷ್ಯಾ ಕಡೆಯ ಶ್ರೀವಿಜಯ ರಾಜ್ಯದ ದೊರೆ ಅಲ್ಲಿ ಚೂಡಾಮಣಿ ವಿಹಾರ ಎಂಬ ಬೌದ್ಧ ವಿಹಾರ ಕಟ್ಟಿಸಿದ. ಅಷ್ಟು ದೂರದ ಹಡಗುಗಳು ಅಲ್ಲಿಗೆ ಬರುತ್ತಿದ್ದವು. ನಿಮ್ಮ ಮಂಡ್ಯದ ಗದ್ದೆ ದಾಟಿದ ಕಾವೇರಿ ಸಮುದ್ರ ಸೇರುವ ಪೂಂಪುಹಾರ್ ಕೂಡ ನಾಗಪಟ್ಟಣದ ಉತ್ತರಕ್ಕೆ, ಅದೇ ಕರಾವಳಿಯಲ್ಲಿದೆ.

ಈಗ ಕಷ್ಟದ ವಿಷಯಕ್ಕೆ ಬರೋಣ.

ತಮಿಳುನಾಡಿಗೂ ಶ್ರೀಲಂಕಾಕ್ಕೂ ನಡುವೆ ಇರುವ ಪಾಕ್ ಜಲಸಂಧಿ ಆಳವಿಲ್ಲದ ಸಮುದ್ರ. ಆಳವಿಲ್ಲದಿದ್ದರೆ ಶಾಂತವಾಗಿರುತ್ತದೆ ಎಂದು ಅನಿಸಬಹುದು. ಹಾಗಲ್ಲ. ಆಳದ ಸಾಗರದಲ್ಲಿ ಅಲೆ ಎತ್ತರವಿದ್ದರೂ ಉದ್ದವಾಗಿರುತ್ತದೆ, ಹಡಗು ಅದರ ಮೇಲೆ ಮೆಲ್ಲಗೆ ಏರಿ ಇಳಿಯುತ್ತದೆ. ಆಳವಿಲ್ಲದ ಕಡೆ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಚಿಕ್ಕ ಹಡಗು ಒಂದು ಅಲೆಯಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಗುದ್ದುತ್ತದೆ. ಹಿಂಗಾರಿನ ಗಾಳಿ ಬೀಸುವುದು ಈಶಾನ್ಯದಿಂದ. ಬಂಗಾಳ ಕೊಲ್ಲಿಯ ಉದ್ದಕ್ಕೂ ಬೀಸಿ ಬಂದ ಗಾಳಿಗೆ ಜಲಸಂಧಿಯ ಬಾಯಿ ತೆರೆದೇ ಇದೆ. ನಾಗಪಟ್ಟಣದಿಂದ ಕಾಂಕೇಸಂತುರೈ ಹೆಚ್ಚು ಕಡಿಮೆ ನೇರ ದಕ್ಷಿಣಕ್ಕಿದೆ. ಹಾಗಾಗಿ ಈ ಅಲೆಗಳು ಹಡಗಿಗೆ ಓರೆಯಾಗಿ ಬಡಿಯುತ್ತವೆ. ಓರೆ ಅಲೆಗೆ ಹಡಗು ಮುಂದಕ್ಕೂ ತೂಗುತ್ತದೆ, ಪಕ್ಕಕ್ಕೂ ತೂಗುತ್ತದೆ. ಹೊಟ್ಟೆ ತೊಳಸುವುದಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ.

ದೊಡ್ಡ ಹಡಗು ಹಾಕಿದರೆ ಆಯಿತಲ್ಲ ಅನ್ನುವವರಿದ್ದಾರೆ. ನಾಗಪಟ್ಟಣ ಬಂದರು ಇರುವುದು ಒಂದು ನದಿ ಸಮುದ್ರ ಸೇರುವ ಅಳಿವೆಯಲ್ಲಿ. ಅಳಿವೆ ಎಂದರೆ ಹೂಳು. 2023ರಲ್ಲಿ ಹಡಗು ಬರುವ ಮುಂಚೆ ಅಲ್ಲಿ ಹೂಳು ತೆಗೆಸಬೇಕಾಯಿತು. ತಳ ಆಳಕ್ಕಿಳಿಯುವ ದೊಡ್ಡ ಹಡಗು ಅಲ್ಲಿಗೆ ಬರಲಾರದು. ಆದ್ದರಿಂದ 150 ಸೀಟಿನ ಚಿಕ್ಕ, ವೇಗದ ಹಡಗು ತಂದರು. ಚೆರಿಯಪಾಣಿ ಎಂಬ ಆ ಹಡಗು ಲಕ್ಷದ್ವೀಪದ ಸೇವೆಗೆ ಕಟ್ಟಿದ್ದು. ಇಂಥ ವೇಗದ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮಾವಳಿಯೇ ಬೇರೆ ಇದೆ. ಎಷ್ಟು ಎತ್ತರದ ಅಲೆಯವರೆಗೆ ಓಡಿಸಬಹುದು ಎಂದು ಅದರ ಪರವಾನಗಿ ಪತ್ರದಲ್ಲೇ ಬರೆದಿರುತ್ತಾರೆ. ಆಸರೆ ಸಿಗುವ ಜಾಗದಿಂದ ನಾಲ್ಕು ಗಂಟೆಯ ಓಟಕ್ಕಿಂತ ದೂರ ಹೋಗುವಂತಿಲ್ಲ. ಅಲೆ ಆ ಮಿತಿ ಮೀರಿದ ದಿನ ಕ್ಯಾಪ್ಟನ್ ಹೊರಡುವಂತಿಲ್ಲ. ಬೆಳಿಗ್ಗೆ ಬಂದರಿಗೆ ಬಂದು, ಇವತ್ತು ಹಡಗಿಲ್ಲ ಎಂದು ಕೇಳಿ ಸಿಟ್ಟಾದ ಪ್ರಯಾಣಿಕರನ್ನು ನಾನು ಬಹಳ ನೋಡಿದ್ದೇನೆ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಹೊರಡುವುದಿಲ್ಲ ಎಂದ ಕ್ಯಾಪ್ಟನ್ ತನ್ನ ಕೆಲಸ ಸರಿಯಾಗಿ ಮಾಡಿದ್ದಾನೆ.

ಹಣದ ಲೆಕ್ಕ ನೋಡಿ. 2023ರಲ್ಲಿ ಟಿಕೆಟ್ 6,500 ರೂಪಾಯಿ, ಶೇಕಡ 18 ಜಿಎಸ್‌ಟಿ ಸೇರಿ 7,670. ಮೊದಲ ದಿನಕ್ಕೆ ಅಂತ 2,803ಕ್ಕೆ ಇಳಿಸಿದ್ದರು. ಆ ದಿನವೂ 150 ಸೀಟಿನಲ್ಲಿ ಹೋದವರು 50 ಜನ. 50 ಜನ ಹೋದರೂ 150 ಜನ ಹೋದರೂ ಡೀಸೆಲ್ ಅಷ್ಟೇ, ಸಿಬ್ಬಂದಿ ಅಷ್ಟೇ, ಬಂದರು ಶುಲ್ಕ ಅಷ್ಟೇ. ವೇಗದ ಹಡಗು ಬೇರೆ ವಿಪರೀತ ಡೀಸೆಲ್ ಕುಡಿಯುತ್ತದೆ. ವೇಗ ಸ್ವಲ್ಪ ಹೆಚ್ಚಿಸಿದರೆ ಖರ್ಚು ಬಹಳ ಏರುತ್ತದೆ. ನಿಧಾನ ಓಡಿಸೋಣ ಅಂದರೆ ಒಂದೇ ದಿನದಲ್ಲಿ ಹೋಗಿ ಬರಲು ಆಗುವುದಿಲ್ಲ. ಆಗ ಹಡಗು, ಸಿಬ್ಬಂದಿ ಆಚೆ ದಡದಲ್ಲಿ ರಾತ್ರಿ ಕಳೆಯಬೇಕು, ಅದಕ್ಕೂ ಖರ್ಚು.

2024ರ ಆಗಸ್ಟ್ 16ರಂದು ಶಿವಗಂಗೈ ಎಂಬ ಹಡಗಿನೊಂದಿಗೆ ಖಾಸಗಿ ಸಂಸ್ಥೆಯೊಂದು ಸೇವೆಯನ್ನು ಮತ್ತೆ ಶುರು ಮಾಡಿತು. ಆ ಹಿಂಗಾರಿನಲ್ಲಿ ಮತ್ತೆ ನಿಂತು, 2025ರ ಫೆಬ್ರವರಿಯಲ್ಲಿ ಮತ್ತೆ ಹೊರಟಿತು. ಟಿಕೆಟ್ ದರ ಕಡಿಮೆ ಇರಲಿ ಎಂದು ಕಾಂಕೇಸಂತುರೈ ಬಂದರಿನ ನಿರ್ವಹಣೆಗೆ ಭಾರತ ಸರ್ಕಾರ ತಿಂಗಳಿಗೆ 25,000 ಡಾಲರ್‌ಗಿಂತ ಹೆಚ್ಚು ಕೊಡಲು ಒಪ್ಪಿತು. ಆ ಬಂದರನ್ನು ದುರಸ್ತಿ ಮಾಡಿ ಬೆಳೆಸಲು 6.15 ಕೋಟಿ ಡಾಲರ್ ಅನುದಾನವನ್ನೂ ಪ್ರಕಟಿಸಿತು. ನನಗೆ ಇದು ಸರಿಯಾದ ಕೆಲಸ ಎನಿಸುತ್ತದೆ. ರಸ್ತೆ, ಸೇತುವೆ ಕಟ್ಟಿದಾಗ ಅದು ಮೊದಲ ವರ್ಷವೇ ಲಾಭ ತರಲಿ ಎಂದು ಯಾರೂ ಕೇಳುವುದಿಲ್ಲ. ಹಡಗಿಗೆ ಮಾತ್ರ ಆ ಪ್ರಶ್ನೆ ಯಾಕೆ?

ಆದರೆ ಬರೀ ಟಿಕೆಟ್ ದರ ಇಳಿಸಿದರೆ ಜನ ಬರುತ್ತಾರೆ ಎಂಬುದನ್ನು ನಾನು ನಂಬುವುದಿಲ್ಲ. ಪ್ರಯಾಣಿಕರು ದರ ನೋಡುವ ಮುಂಚೆ ಭರವಸೆ ನೋಡುತ್ತಾರೆ. ನೀವೇ ಹೇಳಿ, ಒಬ್ಬರು ಇದೆ ಅಂದರು, ಇನ್ನೊಬ್ಬರು ಇಲ್ಲ ಅಂದರು ಎಂದು ನೀವು ಬರೆದಿದ್ದೀರಿ. ಜಾಫ್ನಾದಲ್ಲಿ ಮಗಳ ಮನೆ ಇರುವ ತಿರುಚ್ಚಿಯ ತಾಯಿಗೂ ಇದೇ ಅನುಮಾನ ಬಂದರೆ ಆಕೆ ವಿಮಾನ ಹತ್ತುತ್ತಾರೆ, ಇಲ್ಲವೇ ಹೋಗುವುದನ್ನೇ ಬಿಡುತ್ತಾರೆ. ಒಂದು ಹಡಗಿನ ದಾರಿ ಜನರಿಗೆ ರೂಢಿಯಾಗಲು ವರ್ಷಗಳು ಬೇಕು. ಪ್ರತಿ ಸಲ ನಿಂತಾಗಲೂ ಆ ರೂಢಿ ಮತ್ತೆ ಸೊನ್ನೆಗೆ ಬರುತ್ತದೆ. 2011ರಲ್ಲಿ ಇದೇ ಆಯಿತು. ಜೂನ್‌ನಲ್ಲಿ ತೂತ್ತುಕುಡಿಯಿಂದ ಕೊಲಂಬೋಗೆ ಸ್ಕೋಶಿಯಾ ಪ್ರಿನ್ಸ್ ಎಂಬ ದೊಡ್ಡ ಹಡಗು ಬಿಟ್ಟರು, ಸುಮಾರು ಸಾವಿರ ಜನ ಹಿಡಿಸುವಂಥದ್ದು. ನವೆಂಬರ್ ಹೊತ್ತಿಗೆ ನಿಂತಿತು. ಆ ಕೆಲವೇ ತಿಂಗಳಲ್ಲಿ ಅದು ಮಾಡಿದ ಒಂದು ಒಳ್ಳೆಯ ಕೆಲಸ ಮರೆಯಬಾರದು. ತಮಿಳುನಾಡಿನ ಶಿಬಿರಗಳಲ್ಲಿದ್ದ ಕೆಲವು ನಿರಾಶ್ರಿತ ಕುಟುಂಬಗಳು ವಿಶ್ವಸಂಸ್ಥೆಯ ನೆರವಿನಿಂದ ಆ ಹಡಗಿನಲ್ಲಿ ಊರಿಗೆ ಮರಳಿದವು. ಇಷ್ಟು ವರ್ಷ ಕೂಡಿಟ್ಟ ಪಾತ್ರೆ ಪಗಡೆ, ಹೊಲಿಗೆ ಯಂತ್ರ, ಸೈಕಲ್ಲು ಬಿಟ್ಟು ಯಾರು ಹೋಗುತ್ತಾರೆ? ವಿಮಾನದಲ್ಲಿ ಅವನ್ನು ಒಯ್ಯಲಾಗದು. ಸಂಸಾರ ಹೊತ್ತು ಊರಿಗೆ ಮರಳುವವರಿಗೆ ಹಡಗೇ ಬೇಕು.

ಗಡಿ ಇರುವುದೇ ತೊಂದರೆ ಎಂದು ಕೆಲವರು ಹೇಳುತ್ತಾರೆ. ಹೊಗೇನಕಲ್‌ಗೆ ಹೋದವರಿಗೆ ಗೊತ್ತು, ಅಲ್ಲಿ ಕಾವೇರಿಯ ಒಂದು ದಡ ನಮ್ಮ ಚಾಮರಾಜನಗರ ಜಿಲ್ಲೆ, ಇನ್ನೊಂದು ದಡ ತಮಿಳುನಾಡು. ತೆಪ್ಪದಲ್ಲಿ ಕೂತು ನೀರಿನ ನಡುವೆ ಗಡಿ ದಾಟಿದ್ದು ನಮಗೆ ಗೊತ್ತೇ ಆಗುವುದಿಲ್ಲ. ದೇಶಗಳ ನಡುವೆ ಹಾಗಾಗುವುದಿಲ್ಲ, ನಿಜ. ಇಮಿಗ್ರೇಷನ್ ಬೇಕು, ಕಸ್ಟಮ್ಸ್ ಬೇಕು, ಸಾಮಾನು ಸ್ಕ್ಯಾನ್ ಮಾಡುವ ಯಂತ್ರ ಬೇಕು. 2004ರಿಂದ ಜಾರಿಯಲ್ಲಿರುವ ಬಂದರು ಭದ್ರತೆಯ ಅಂತರರಾಷ್ಟ್ರೀಯ ನಿಯಮದಂತೆ ಪ್ರಯಾಣಿಕರ ಜಾಗಕ್ಕೆ ಬೇಲಿ, ಕಾವಲು ಬೇಕು. ದಿನಕ್ಕೆ ಒಂದು ಹಡಗು ಬಂದರೂ ಇಷ್ಟೂ ವ್ಯವಸ್ಥೆ, ಇಷ್ಟೂ ಅಧಿಕಾರಿಗಳು ಎರಡೂ ದಡದಲ್ಲಿ ಇರಲೇಬೇಕು. ಖರ್ಚು ಏರುವುದು ಇಲ್ಲಿ.

ಆದರೆ ಗಡಿ ಇದ್ದೂ ಹಡಗು ಚೆನ್ನಾಗಿ ಓಡುವ ಕಡೆಗಳಿವೆ. ಇಂಗ್ಲೆಂಡಿನ ಡೋವರ್‌ಗೂ ಫ್ರಾನ್ಸಿನ ಕ್ಯಾಲೆಗೂ ನಡುವೆ ಒಂದು ಏರ್ಪಾಟಿದೆ. ಫ್ರೆಂಚ್ ಅಧಿಕಾರಿಗಳು ಡೋವರ್‌ನಲ್ಲೇ ಕೂತು ಪಾಸ್‌ಪೋರ್ಟ್ ನೋಡುತ್ತಾರೆ, ಬ್ರಿಟಿಷ್ ಅಧಿಕಾರಿಗಳು ಕ್ಯಾಲೆಯಲ್ಲಿ ಕೂತು ನೋಡುತ್ತಾರೆ. ತಪಾಸಣೆಯೆಲ್ಲ ಹತ್ತುವ ಮುಂಚೆ ಒಂದೇ ಕಡೆ ಮುಗಿಯುತ್ತದೆ, ಇಳಿದ ಮೇಲೆ ಸಾಲು ನಿಲ್ಲಬೇಕಿಲ್ಲ. 2003ರಲ್ಲಿ ಆದ ಒಪ್ಪಂದ ಅದು. ಸಿಂಗಪುರದಿಂದ ಇಂಡೋನೇಷ್ಯಾದ ಬಾತಾಮ್‌ಗೆ ದಿನಕ್ಕೆ ಎಷ್ಟೋ ಹಡಗುಗಳು, ಒಂದು ಗಂಟೆಯ ದಾರಿ. ಅಲ್ಲಿ ದ್ವೀಪಗಳ ಮರೆಯಿರುವುದರಿಂದ ದೊಡ್ಡ ಅಲೆಗಳ ಕಾಟವಿಲ್ಲ. ಅದು ಅವರ ಭಾಗ್ಯ.

ನಾವು ಹೆಚ್ಚು ಕಲಿಯಬೇಕಾದದ್ದು ಹೆಲ್ಸಿಂಕಿಯಿಂದ. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಎಸ್ಟೋನಿಯಾದ ತಾಲಿನ್‌ಗೆ ಸುಮಾರು 80 ಕಿಲೋಮೀಟರ್, ಎರಡು ಗಂಟೆ. ವರ್ಷಕ್ಕೆ ಲಕ್ಷಗಟ್ಟಲೆ ಜನ ಓಡಾಡುತ್ತಾರೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಸಮುದ್ರ ಅದು, ಆದರೂ ನಿಲ್ಲುವುದಿಲ್ಲ. ಆ ಹಡಗುಗಳ ಹೊಟ್ಟೆಯಲ್ಲಿ ಕಾರು, ಲಾರಿಗಳು ತುಂಬಿರುತ್ತವೆ. ಮೇಲೆ ಅಂಗಡಿ, ಹೋಟೆಲು. ಪ್ರಯಾಣಿಕ ಕಡಿಮೆ ದರಕ್ಕೆ ಹೋಗುತ್ತಾನೆ, ಯಾಕೆಂದರೆ ಲಾರಿಯವನು ಹಡಗಿನ ಖರ್ಚು ಹೊರುತ್ತಾನೆ. ಬರೀ ಜನರನ್ನು ಹೊತ್ತು ಬದುಕುವ ಹಡಗು ಪ್ರಪಂಚದಲ್ಲಿ ಕಡಿಮೆ. ಬೋಟ್ ಮೇಲ್‌ಗೆ ರೈಲಿನ ಗಳಿಕೆ ಆಧಾರವಾಗಿತ್ತು, ತಾಲಿನ್ ಹಡಗಿಗೆ ಲಾರಿಯ ಗಳಿಕೆ ಆಧಾರ. ನಮ್ಮ ನಾಗಪಟ್ಟಣದ ಹಡಗಿಗೆ ಅಂಥ ಆಧಾರ ಯಾವುದೂ ಇಲ್ಲ. 150 ಸೀಟುಗಳ ಟಿಕೆಟ್ಟಿನ ಮೇಲೇ ಅದು ಬದುಕಬೇಕು. ಈ ಹಡಗಿನ ಮೂಲ ರೋಗ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಟ್ಟೆ ಉರಿಯುವ ವಿಷಯ ಅಂದರೆ, ರೈಲು ಈಗ ಎರಡೂ ಕಡೆ ಇದೆ. ಯುದ್ಧದಲ್ಲಿ ಹಾಳಾಗಿದ್ದ ಶ್ರೀಲಂಕಾದ ಉತ್ತರದ ಹಳಿಗಳನ್ನು ಭಾರತದ ಸಾಲದಲ್ಲಿ, ರೈಲು ಹಾದಿ ಕಟ್ಟುವ ನಮ್ಮ ಸರ್ಕಾರಿ ಸಂಸ್ಥೆ ಇರ್ಕಾನ್ ಮತ್ತೆ ಹಾಕಿತು. 2014ರ ಅಕ್ಟೋಬರ್‌ನಲ್ಲಿ ಜಾಫ್ನಾಕ್ಕೆ, 2015ರ ಜನವರಿಯಲ್ಲಿ ಕಾಂಕೇಸಂತುರೈಗೆ, ಅದೇ ಮಾರ್ಚ್‌ನಲ್ಲಿ ತಲೈಮನ್ನಾರ್ ಧಕ್ಕೆಗೆ ರೈಲು ಬಂತು. ಈ ಕಡೆ ಪಾಂಬನ್‌ನಲ್ಲಿ 2025ರ ಏಪ್ರಿಲ್‌ನಲ್ಲಿ ಹೊಸ ಸೇತುವೆ ಉದ್ಘಾಟನೆಯಾಯಿತು. ಹಳಿಗಳು ಎರಡೂ ದಡಕ್ಕೆ ಬಂದು ನಿಂತಿವೆ. ನಡುವಿನ ನೀರಿನ ತುಂಡನ್ನು ಮಾತ್ರ ಆ ಹಳಿಗಳಿಗೆ ಯಾರೂ ಜೋಡಿಸಿಲ್ಲ. 2023ರ ಜುಲೈನಲ್ಲಿ ಎರಡೂ ಸರ್ಕಾರಗಳು ಒಪ್ಪಿದ ದಾಖಲೆಯಲ್ಲಿ ರಾಮೇಶ್ವರಂ–ತಲೈಮನ್ನಾರ್ ಹಡಗನ್ನೂ ಮತ್ತೆ ಶುರು ಮಾಡುವ ಮಾತಿದೆ. ಅದು ಆಗಬೇಕು. ದಾರಿ ಚಿಕ್ಕದು, ಎರಡೂ ತುದಿಯಲ್ಲಿ ರೈಲಿದೆ.

ನಾಗಪಟ್ಟಣದ ಹಡಗಿಗೆ ಈಗಲೇ ಮಾಡಬಹುದಾದದ್ದೂ ಇದೆ. ನವೆಂಬರ್‌ನಿಂದ ಜನವರಿವರೆಗೆ ಹಡಗಿಲ್ಲ ಎಂದು ವರ್ಷದ ಮೊದಲೇ ಘೋಷಿಸಲಿ, ಉಳಿದ ತಿಂಗಳು ಖಂಡಿತ ಓಡುತ್ತದೆ ಎಂದು ಮಾತು ಕೊಡಲಿ. ಮಳೆಗಾಲದಲ್ಲಿ ನಿಂತರೆ ಜನ ಕ್ಷಮಿಸುತ್ತಾರೆ, ಹೇಳದೆ ನಿಂತರೆ ಕ್ಷಮಿಸುವುದಿಲ್ಲ. ಚೆನ್ನೈ, ತಿರುಚ್ಚಿಯಿಂದ ಜಾಫ್ನಾವರೆಗೆ ಬಸ್ಸು, ಹಡಗು ಸೇರಿದ ಒಂದೇ ಟಿಕೆಟ್ ಕೊಡಲಿ. ಸಾಮಾನಿನ ವಿಷಯದಲ್ಲಿ ವಿಮಾನದವರಂತೆ ಕೈ ಬಿಗಿ ಮಾಡದೆ ಧಾರಾಳವಾಗಿರಲಿ, ಹಡಗಿಗೆ ಜನ ಬರುವುದೇ ಅದಕ್ಕೆ.

ಇನ್ನು ನಿಮ್ಮ ಪ್ರಯಾಣ. ಮೈಸೂರಿನಿಂದ ಸಂಜೆ ಹೊರಡುವ ಮಯಿಲಾಡುತುರೈ ರೈಲು ಈಗ ಕಡಲೂರಿನವರೆಗೆ ಹೋಗುತ್ತದೆ. ಮಂಡ್ಯದಲ್ಲೂ ನಿಲ್ಲುತ್ತದೆ. ಬೆಳಗಿನ ಜಾವ ತಂಜಾವೂರಿನಲ್ಲಿ ಇಳಿದರೆ ತಿರುವಾರೂರು ಮೇಲೆ ನಾಗಪಟ್ಟಣಕ್ಕೆ ರೈಲು, ಬಸ್ಸು ಎರಡೂ ಸಿಗುತ್ತವೆ. ಹಡಗು ಹೊರಡುವುದು ಬೆಳಿಗ್ಗೆ. ಆದ್ದರಿಂದ ಅದೇ ದಿನ ಹತ್ತುವ ಆಸೆ ಬೇಡ, ಒಂದು ರಾತ್ರಿ ಅಲ್ಲೇ ಉಳಿಯಿರಿ. ವೇಳಾಂಗಣಿ ನಿಮಗೆ ಗೊತ್ತಿರುವ ಜಾಗ, ಹತ್ತು ಹನ್ನೆರಡು ಕಿಲೋಮೀಟರ್ ದೂರ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ಮಾತ್ರ ಹಬ್ಬದ ಜನ, ಕೋಣೆ ಸಿಗುವುದು ಕಷ್ಟ. ಏಪ್ರಿಲ್‌ನಲ್ಲಿ ಆ ಚಿಂತೆಯಿಲ್ಲ.

ಪಾಸ್‌ಪೋರ್ಟ್ ಬೇಕೇ ಬೇಕು. ಶ್ರೀಲಂಕಾಕ್ಕೆ ಸೇರಿದ ಕಚ್ಚತೀವು ದ್ವೀಪದ ಅಂತೋಣಿಯಾರ್ ಚರ್ಚಿನ ಜಾತ್ರೆಗೆ ರಾಮೇಶ್ವರಂನಿಂದ ಪಾಸ್‌ಪೋರ್ಟ್ ಇಲ್ಲದೆ ಹೋಗುತ್ತಾರೆ ಎಂದು ನೀವು ಕೇಳಿರಬಹುದು. ಅದು ವರ್ಷಕ್ಕೊಮ್ಮೆ ಆ ಜಾತ್ರೆಗಷ್ಟೇ ಇರುವ ರಿಯಾಯಿತಿ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ತಿಂಗಳು ಶ್ರೀಲಂಕಾ ಸರ್ಕಾರದ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಜಾಲತಾಣವನ್ನೇ ನೋಡಿ. ಏಜೆಂಟರ ಮಾತು ನಂಬಿ ಕೂರಬೇಡಿ.

ಅಮ್ಮನಿಗೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಸೀಟು ಕೇಳಿ. ಅಲ್ಲಿ ತೂಗಾಟ ಕಡಿಮೆ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಎಣ್ಣೆ ಪದಾರ್ಥ ಬೇಡ, ಖಾಲಿ ಹೊಟ್ಟೆಯೂ ಬೇಡ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹತ್ತುವ ಮುಂಚೆಯೇ ತಗೊಳ್ಳಬೇಕು, ಶುರುವಾದ ಮೇಲೆ ತಗೊಂಡರೆ ಪ್ರಯೋಜನ ಕಡಿಮೆ. ಬಿಪಿ, ಸಕ್ಕರೆ ಮಾತ್ರೆ ತಗೊಳ್ಳುವವರಾದರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ತಲೆ ತಿರುಗಿದರೆ ಮೊಬೈಲ್ ನೋಡದೆ ದೂರದ ದಿಗಂತ ನೋಡಲು ಹೇಳಿ.

ಇಳಿದ ಮೇಲೆ ಅಮ್ಮನಿಗೆ ಇಷ್ಟವಾಗುವ ಜಾಗಗಳು ಬೇಕಾದಷ್ಟಿವೆ. ಬಂದರಿನಿಂದ ಸ್ವಲ್ಪ ದೂರದಲ್ಲೇ ಕೀರಿಮಲೈ, ಸಮುದ್ರದ ಪಕ್ಕದಲ್ಲೇ ಸಿಹಿನೀರಿನ ಕೊಳ. ಅಲ್ಲೇ ನಗುಲೇಶ್ವರ ದೇವಸ್ಥಾನ. ಜಾಫ್ನಾದಲ್ಲಿ ನಲ್ಲೂರು ಕಂದಸ್ವಾಮಿ. ಒಂದು ದಿನ ದೋಣಿಯಲ್ಲಿ ನೈನಾತೀವಿನ ಅಮ್ಮನ ದೇವಸ್ಥಾನಕ್ಕೆ ಹೋಗಿ ಬರಬಹುದು. ತಮಿಳು ಅಲ್ಪಸ್ವಲ್ಪ ಬಂದರೆ ಎಲ್ಲೂ ತೊಂದರೆಯಿಲ್ಲ. ನಾಲ್ಕು ದಿನ ಇಟ್ಟುಕೊಳ್ಳಿ.

ಬರುವ ದಿನದ ವಿಷಯದಲ್ಲಿ ಎಚ್ಚರ ಇರಲಿ. ಹಡಗು ಇಳಿದ ಸಂಜೆಯ ರೈಲಿಗೇ ಟಿಕೆಟ್ ಮಾಡಿಸಬೇಡಿ, ನಡುವೆ ಒಂದು ದಿನ ಬಿಡಿ. ಜಾಫ್ನಾದ ಪಲಾಲಿ ವಿಮಾನ ನಿಲ್ದಾಣ 2019ರಲ್ಲಿ ಮತ್ತೆ ತೆರೆದಿದೆ, ಅಲ್ಲಿಂದ ಚೆನ್ನೈಗೆ ವಿಮಾನವಿದೆ. ವಾಪಸ್ ಹಡಗು ಗಾಳಿಗೆ ನಿಂತುಬಿಟ್ಟರೆ ಬೇಕಾಗುತ್ತದೆ, ಆ ಟಿಕೆಟ್ಟಿಗಾಗುವಷ್ಟು ದುಡ್ಡನ್ನು ಮೊದಲೇ ಬೇರೆ ತೆಗೆದಿಟ್ಟುಕೊಂಡು ಹೊರಡಿ.